ಕೋಟೆ ನನ್ನದು, ಆಟ ವೈನಿಯದು

ಹೊಟ್ಟೆಕಿಚ್ಚಿಗೂ ಒಂದು ವಾಸನೆ ಇರುತ್ತದೆ. ನಿಮ್ಮದಕ್ಕೆ ಯಾವುದೋ ನನಗೆ ಗೊತ್ತಿಲ್ಲ. ನನ್ನದಕ್ಕೆ ಮಾತ್ರ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ. ಗೊನೆಯಲ್ಲಿ ತೂಗುವಾಗಿನದಲ್ಲ, ಹುಲ್ಲಿನಲ್ಲಿ ಮುಚ್ಚಿಟ್ಟು, ಸಿಪ್ಪೆ ತೆಳ್ಳಗಾಗಿ, ಕೋಣೆಯ ಬಾಗಿಲು ಸರಿಸಿದ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಆ ವಾಸನೆ. ಮೊನ್ನೆ ಜೇವರ್ಗಿ ಕಾಲೋನಿಯ ನನ್ನ ಮಗನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿದ್ದೆ. ಹೊರಗೆ ಟಾಂಗಾ ನಿಂತ ಸದ್ದಾಯಿತು, ಗೇಟು ಕಿರ್ರೆಂದಿತು, ಸೊಸೆ ಯಾರನ್ನೋ ಬರ್ರಿ ಬರ್ರಿ ಎಂದಳು. ಯಾರೆಂದು ಕೇಳುವ ಮೊದಲೇ ಆ ವಾಸನೆ ನನ್ನ ಕೋಣೆಗೆ ಬಂದಿತ್ತು. ವೈನಿ ಬಂದಳು, ಎಂದು ಮಲಗಿದಲ್ಲೇ ಅಂದುಕೊಂಡೆ.

ವೈನಿ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ ನೀಲಮ್ಮ. ಕಮಲಾಪುರದಲ್ಲೇ ಇದ್ದಾಳೆ. ವರ್ಷಕ್ಕೊಮ್ಮೆ ಕಲಬುರ್ಗಿಗೆ ಕಣ್ಣು ತೋರಿಸಲು ಬರುತ್ತಾಳೆ, ಬರುವಾಗ ಒಂದು ಚೀಲ ಬಾಳೆಹಣ್ಣು ತರುತ್ತಾಳೆ, ಎರಡು ದಿನ ಇದ್ದು ಹೋಗುತ್ತಾಳೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಆದರೂ ಬೆನ್ನು ಬಾಗಿಲ್ಲ, ಹಲ್ಲು ಬಿದ್ದಿಲ್ಲ. ನನ್ನ ಬಾಯಲ್ಲಿ ಉಳಿದದ್ದನ್ನು ಬೆರಳಲ್ಲಿ ಎಣಿಸಬಹುದು. ಎದುರಿಗೆ ಇದ್ದಾಗ ಪ್ರತಿ ಮಾತಿಗೂ ‘ರೀ’ ಹಚ್ಚಿ ಮಾತಾಡುತ್ತೇನೆ. ಮನಸ್ಸಿನಲ್ಲಿ ಮಾತ್ರ ಅಂದಿನಿಂದ ಇಂದಿನವರೆಗೆ ಏಕವಚನವೇ. ಬರೆಯುವಾಗ ಸುಳ್ಳು ಮರ್ಯಾದೆ ಯಾಕೆ ಎಂದು ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ. ಮದುವೆಯಲ್ಲಿ ನಾನು ಕಮಲಾಪುರದಿಂದ ಕಲಬುರ್ಗಿಗೆ ಬಂದವಳು, ಅವಳು ಕಲಬುರ್ಗಿಯಿಂದ ಕಮಲಾಪುರಕ್ಕೆ ಹೋದವಳು. ನನ್ನ ಊರು, ನನ್ನ ಮನೆ, ನನ್ನ ಅವ್ವನ ಒಲೆ ಎಲ್ಲವೂ ಅವಳ ಪಾಲಾಯಿತು. ಅದಕ್ಕೆಲ್ಲ ನನಗೆ ಹೊಟ್ಟೆಕಿಚ್ಚಿಲ್ಲ. ಲೋಕದಲ್ಲಿ ನಡೆಯುವುದೇ ಹಾಗೆ. ನನ್ನ ಹೊಟ್ಟೆಕಿಚ್ಚಿನ ಕಾರಣ ಒಂದೇ, ಅದು ಚದುರಂಗ.

ನಗಬೇಡಿ. ನಿಜಾಮರ ಕಾಲದಲ್ಲಿ ಕಮಲಾಪುರದಂಥ ಊರಲ್ಲಿ ಹೆಣ್ಣುಮಕ್ಕಳು ಚದುರಂಗ ಆಡುತ್ತಿದ್ದರೇ ಎಂದು ನನ್ನ ಸೊಸೆಯೂ ಕೇಳುತ್ತಾಳೆ. ಊರಿನವರ ಸುದ್ದಿ ನನಗೆ ಬೇಡ, ನಮ್ಮ ಮನೆಯಲ್ಲಿ ಆಡುತ್ತಿದ್ದರು. ಅಪ್ಪನಿಗೆ ಬಾಳೆತೋಟವಿತ್ತು. ಗೊನೆ ಕಡಿದು, ಅರ್ಧವನ್ನು ಕಾಯಿಯಾಗಿಯೇ ಬಂಡಿಯಲ್ಲಿ ಕಲಬುರ್ಗಿ ಸ್ಟೇಶನ್ನಿಗೆ ಕಳಿಸಿ, ಉಳಿದರ್ಧವನ್ನು ಪಡಸಾಲೆಗೆ ಹತ್ತಿದ, ಹಿತ್ತಲಿಗೂ ಒಂದು ಬಾಗಿಲಿದ್ದ ಕತ್ತಲೆ ಕೋಣೆಯಲ್ಲಿ ಹುಲ್ಲು ಹಾಕಿ ಹಣ್ಣು ಮಾಡುತ್ತಿದ್ದ. ಅಣ್ಣ ಬಂಡಿಯ ಹಿಂದೆ ಹೋದರೆ ಮರುದಿನವೇ ಬರುತ್ತಿದ್ದುದು. ಅಪ್ಪನಿಗೆ ಚದುರಂಗ ಹತ್ತಿದ್ದು ಕಲಬುರ್ಗಿಯ ಒಬ್ಬ ಮುದಿ ಮುನ್ಶಿಯಿಂದ. ಹೀಗಾಗಿ ನಮ್ಮ ಮನೆಯಲ್ಲಿ ದೇವರ ಮಾತು ಕನ್ನಡದಲ್ಲಿ, ಆಟದ ಮಾತು ಉರ್ದುವಿನಲ್ಲಿ. ರಾಜನಿಗೆ ಬಾದಶಾ, ಮಂತ್ರಿಗೆ ವಜೀರ, ಕಾಲಾಳಿಗೆ ಪ್ಯಾದೆ. ಮನೆ ಹಾಕಿ ಹೊಲಿದ ಒಂದು ಬಟ್ಟೆಯ ಹಾಸು, ಕೆಂಪು ಮತ್ತು ಹಸಿರು ಬಣ್ಣದ ಕಟ್ಟಿಗೆಯ ಕಾಯಿಗಳು. ಸಂಜೆ ವಿಭೂತಿ ಹಚ್ಚಿಕೊಂಡು, ರುಮಾಲು ಸರಿಮಾಡಿಕೊಂಡು, ಅಪ್ಪ ಆ ಹಣ್ಣಿನ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಎದುರಿಗೆ ನಾನು. ಆ ಜಾಗ ನನ್ನದು. ಅಣ್ಣನಿಗೆ ಆಟ ತಲೆಗೆ ಹತ್ತಲಿಲ್ಲ, ಅವ್ವನಿಗೆ ಆಟವೆಂದರೆ ಆಗುತ್ತಿರಲಿಲ್ಲ. “ಮನಿ ಹೆಣ್ಮಗಳು ಹಾಸಿನ ಮುಂದ ಕುಂತ್ರ ರೊಟ್ಟಿ ಯಾರು ಬಡೀಬೇಕು” ಎಂದು ಅವ್ವ ಒಳಗಿನಿಂದ ಕೇಳುವಳು. ಅಪ್ಪ ಉತ್ತರ ಕೊಡುತ್ತಿರಲಿಲ್ಲ.

ಅಪ್ಪ ಯಾವುದಕ್ಕೂ ಹೆಚ್ಚು ಉತ್ತರ ಕೊಡುವವನಲ್ಲ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ತೋಟದ ಆಳು ಇಡೀ ದಿನ ಬಿಸಿಲಲ್ಲಿ ದುಡಿದು ಬಂದರೆ “ಹ್ಞೂಂ, ಉಣ್ಣು ನಡಿ” ಎನ್ನುತ್ತಿದ್ದ. ಅಣ್ಣ ದೊಡ್ಡ ವ್ಯಾಪಾರ ಕುದುರಿಸಿ ಬಂದರೂ ಅಷ್ಟೇ. ಮುನ್ಶಿಯಿಂದ ಇಷ್ಟೆಲ್ಲ ಉರ್ದು ಕಲಿತವನು ‘ಶಾಬಾಸ್’ ಎಂಬ ಒಂದು ಶಬ್ದವನ್ನು ಮಾತ್ರ ಅಲ್ಲೇ ಬಿಟ್ಟು ಬಂದಂತಿತ್ತು. ಆ ಶಬ್ದ ಅವನ ಬಾಯಿಂದ ಬರಬೇಕು, ನನಗೇ ಬರಬೇಕು. ನನ್ನ ಹುಡುಗಾಟಿಕೆಯ ವರ್ಷಗಳೆಲ್ಲ ಆ ಒಂದು ಆಸೆಯಲ್ಲಿ ಕಳೆದವು. ಬೇರೆ ಹುಡುಗಿಯರು ಬುಗುಡಿ ಬೇಕು, ಬಿಲ್ವಾರ ಬೇಕು ಎಂದು ಅಳುವ ವಯಸ್ಸು ಅದು.

ಅದಕ್ಕಾಗಿ ನಾನು ಮಾಡಿದ್ದು ಬಾಯಿಪಾಠ. ನಮ್ಮ ಕಡೆಯ ಆಟದ ಪದ್ಧತಿ ಈಗಿನ ಹಾಗಿರಲಿಲ್ಲ. ಶುರುವಿಗೆ ಇಬ್ಬರೂ ತಮ್ಮ ತಮ್ಮ ಅರ್ಧ ಹಾಸಿನೊಳಗೆ ನಾಲ್ಕು ನಡೆಗಳನ್ನು ಒಮ್ಮೆಲೇ ನಡೆಸಿ ಬಾದಶಾನ ಸುತ್ತ ಕೋಟೆ ಕಟ್ಟಿಕೊಳ್ಳಬೇಕು. ಬಾದಶಾನಿಗೆ ಇಡೀ ಆಟದಲ್ಲಿ ಒಂದು ಸಲ ಮಾತ್ರ ಕುದುರೆಯ ಹಾಗೆ ಜಿಗಿಯುವ ಹಕ್ಕು. ಅದನ್ನೂ ಕೋಟೆಯೊಳಗೆ ಹೋಗಿ ಕೂರಲು ಬಳಸುವುದು ಅಪ್ಪನ ಮಾದರಿ. ಅಪ್ಪನಿಗೆ ಮುನ್ಶಿ ಕಲಿಸಿದ ಕೋಟೆಗಳು ಹಲವಿದ್ದವು. ಎದುರಿನವನು ಹೀಗೆ ಕಟ್ಟಿದರೆ ನೀನು ಹೀಗೆ, ಅವನು ಒಂಟೆ ಬಿಟ್ಟರೆ ನೀನು ಪ್ಯಾದೆ ತಳ್ಳು, ಅವನ ಕುದುರೆ ಒಂಟೆಯ ಮೇಲೆ ಬಂದರೆ ಒಂಟೆಯನ್ನು ಹಿಂದೆ ತೆಗೆ. ಅಪ್ಪ ಒಮ್ಮೆ ಹೇಳಿದರೆ ಸಾಕು, ನನಗೆ ಮರೆಯುತ್ತಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತರೆ ಹಾಡಿನ ಬದಲು ಅದನ್ನೇ ಗುನುಗುತ್ತಿದ್ದೆ, ಜೋಳ ಹಿಟ್ಟಾಗುವುದರೊಳಗೆ ಒಂದು ಕೋಟೆ ಪೂರ್ತಿ ಬಾಯಿಗೆ ಬರುತ್ತಿತ್ತು. ಇವತ್ತಿಗೂ ಬರುತ್ತದೆ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎಂಬುದು ಮಾತ್ರ ಬರುವುದಿಲ್ಲ.

ನನ್ನ ಕೈ ಹಾಸಿನ ಮೇಲೆ ಸರಸರ ಓಡುವುದನ್ನು ನೋಡಿ ಮನೆಗೆ ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನನಗೂ ನಾನೇ ಕಲಬುರ್ಗಿ ಸುಬಾದ ಬಾದಶಾ ಅನ್ನಿಸುತ್ತಿತ್ತು. ಒಂದೇ ತೊಂದರೆ. ಕಲಿತ ಪಾಠ ಮುಗಿದ ಕೂಡಲೇ, ಅಂದರೆ ಅಪ್ಪ ಹೇಳಿಕೊಟ್ಟಿರದ ಒಂದು ನಡೆಯನ್ನು ಅಪ್ಪನೇ ನಡೆಸಿದ ಕೂಡಲೇ, ನನ್ನ ಕೈ ನಿಲ್ಲುತ್ತಿತ್ತು. ಆಮೇಲೆ ಏನೋ ಒಂದು ನಡೆಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಾತ್, ಬಾದಶಾನಿಗೆ ಸರಿಯಲು ಜಾಗವಿಲ್ಲದೆ ಆಟ ಮುಗಿಯುತ್ತಿತ್ತು. ಅಪ್ಪ ಕಾಯಿಗಳನ್ನು ಚೀಲಕ್ಕೆ ತುಂಬಿ “ಹ್ಞೂಂ” ಎಂದು ಏಳುತ್ತಿದ್ದ. ನನಗೆ ಇನ್ನೂ ಒಂದು ಕೋಟೆ ಕಲಿತರೆ ಸರಿಹೋಗುತ್ತದೆ ಎಂಬ ಭರವಸೆ.

ಇಂಥದರಲ್ಲಿ ಅಣ್ಣನ ಮದುವೆಯಾಗಿ ವೈನಿ ಬಂದಳು. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ, ಅಪ್ಪ ತೋಟಕ್ಕೆ ಹೋದಾಗ, ನಾನು ಹಾಸು ಬಿಚ್ಚಿ ಕಾಯಿ ಹೊಂದಿಸುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದಳು:

“ಶುರುವಿಗಿ ಎಲ್ಲಾನೂ ಹಿಂಗ ಸಾಲ ಹಚ್ಚಿ ನಿಂದ್ರಸ್ತಾರೇನು?”

ನನಗೆ ನಗು ತಡೆಯಲಾಗಲಿಲ್ಲ. ಓಡಿಹೋಗಿ ಅವ್ವನಿಗೂ ಹೇಳಿ ನಕ್ಕೆ. ಆದರೆ ವೈನಿ ಸುಮ್ಮನೆ ಕೇಳಿರಲಿಲ್ಲ. ಅವಳ ತವರಿನವರದು ಸ್ಟೇಶನ್ ಬಜಾರಿನಲ್ಲಿ ಖಾನಾವಳಿ. ಗಾಡಿಗಾಗಿ ಕಾಯುವ ಪ್ರಯಾಣಿಕರು ಉಂಡು, ಕಟ್ಟೆಯ ಮೇಲೆ ಚದುರಂಗ ಹಾಸಿ ಕೂರುತ್ತಿದ್ದರಂತೆ. ಇವಳು ಅಡಿಗೆಮನೆಯ ಕೆಲಸ ತೀರಿಸಿ ಮಾಳಿಗೆಯ ಕಿಂಡಿಗೆ ಬಂದು ನೋಡುವಾಗ ಯಾವಾಗಲೂ ಆಟ ನಡುವಿನಲ್ಲಿರುತ್ತಿತ್ತು. ಮುಗಿಯುವ ಮೊದಲೇ ಸ್ಟೇಶನ್ನಿನ ಗಂಟೆ ಬಾರಿಸಿ, ಆಡುವವರು ಕಾಯಿಗಳನ್ನು ಅಲ್ಲೇ ಬಿಟ್ಟು ಗಂಟು ಹೊತ್ತು ಓಡುತ್ತಿದ್ದರು. ನಮ್ಮ ವೈನಿಗೆ ಒಂದು ಆಟದ ಮೊದಲೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ. ಕಟ್ಟೆಯ ಮೇಲೆ ಬಿದ್ದ ಅರ್ಧ ಆಟವನ್ನು ಕಿಂಡಿಯಿಂದ ನೋಡುತ್ತ, ಯಾರು ಗೆಲ್ಲುತ್ತಿದ್ದರು, ಹೇಗೆ ಗೆಲ್ಲುತ್ತಿದ್ದರು ಎಂದು ತನ್ನಷ್ಟಕ್ಕೆ ತಾನೇ ಆಡಿ ಮುಗಿಸುವುದು ಅವಳ ಚಟ. ಇದನ್ನು ಅವಳು ಹೇಳಿದಾಗ, ಪಾಪ, ಕಾಯಿ ಹೊಂದಿಸಲೂ ಬಾರದವಳು ಎಂದು ನನಗೆ ಕರುಣೆ ಬಂದಿತ್ತು. ಆ ಕರುಣೆ ಬಹಳ ದಿನ ಬಾಳಲಿಲ್ಲ.

ಮಳೆಗಾಲದ ಒಂದು ಸಂಜೆ. ಅಪ್ಪ ಹೊಸದೊಂದು ನಡೆ ನಡೆಸಿದ್ದ, ನನ್ನ ಪಾಠ ಅಲ್ಲಿಗೆ ಮುಗಿದಿತ್ತು. ಆನೆಯನ್ನು ಹಿಡಿದುಕೊಂಡು ಕೂತಿದ್ದೆ. ಅಪ್ಪನ ಬೆನ್ನ ಹಿಂದಿನ ಹಣ್ಣಿನ ಕೋಣೆಯಲ್ಲಿ ವೈನಿ ಹುಲ್ಲು ಸರಿಸಿ ಹಣ್ಣು ಆರಿಸುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಮೆಲ್ಲಗೆ ಮಾತು ಬಂತು.

“ತಂಗೀ, ಆನಿ ಬಿಡು. ಆ ಕಡಿ ಪ್ಯಾದಿ ತಳ್ಳು.”

ನಾನು ಬೇಕಂತಲೇ ಅವಳ ಮಾತು ಕೇಳದೆ ಇರಬಹುದಿತ್ತು. ಆದರೆ ಬೇರೆ ಏನೂ ತೋಚಲಿಲ್ಲ, ಪ್ಯಾದೆ ತಳ್ಳಿದೆ. ಅಪ್ಪ ಹಾಸನ್ನೇ ನೋಡುತ್ತ ಕುಳಿತ. ಬಹಳ ಹೊತ್ತು ನೋಡಿದ. ಆಮೇಲೆ ಗಲ್ಲಕ್ಕೆ ಕೈ ಹಚ್ಚಿದ. ನನ್ನ ಯಾವ ನಡೆಗೂ ಅಪ್ಪ ಗಲ್ಲಕ್ಕೆ ಕೈ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಆ ಹೊತ್ತಿಗೆ ಹಿಂದಿನಿಂದ ಬಾಳೆಹಣ್ಣಿನ ವಾಸನೆ ಗಮ್ಮೆಂದು ಬರುತ್ತಿತ್ತು. ಅಂದಿನಿಂದ ಆ ವಾಸನೆ ನನ್ನ ಹೊಟ್ಟೆಯಲ್ಲಿ ಮನೆ ಮಾಡಿತು.

ಸೊಸೆಯಾದವಳು ಮಾವನ ಎದುರಿಗೆ ಕೂರುವಂತಿಲ್ಲ, ಅವನೊಂದಿಗೆ ನೇರವಾಗಿ ಮಾತಾಡುವಂತಿಲ್ಲ. ನಮ್ಮ ಮನೆತನಗಳಲ್ಲಿ ಅದು ದೇವರ ಪೂಜೆಯಷ್ಟೇ ಗಟ್ಟಿ. ಹಾಗಾಗಿ ಒಂದು ವ್ಯವಸ್ಥೆ ತಾನೇ ತಾನಾಗಿ ಕೂಡಿಬಂತು. ಹಾಸಿನ ಮುಂದೆ ನಾನು ಕೂರಬೇಕು. ಮೊದಲ ನಾಲ್ಕು ನಡೆ, ಕೋಟೆ ಕಟ್ಟುವುದು, ನನ್ನದು. ವೈನಿಗೆ ಅದು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಕೋಟೆ ಮುಗಿದ ಮೇಲೆ ಬಾಗಿಲ ಹಿಂದಿನಿಂದ ಅವಳು ಹೇಳಬೇಕು, ನಾನು ನಡೆಸಬೇಕು. ಅವಳು ಹೇಳಿದ್ದು ಅಪ್ಪನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನನ್ನ ಕೈ ಕಾಯಿ ಮುಟ್ಟುವವರೆಗೆ ಕೇಳಿಸದವನ ಹಾಗೆ ಕೂರುತ್ತಿದ್ದ. ಏನಾದರೂ ಹೇಳುವುದಿದ್ದರೆ “ನಿಮ್ಮ ವೈನಿಗಿ ಹೇಳು, ವಜೀರ ಸಂಭಾಳಿಸಿಕೋ ಅಂತ” ಎಂದು ನನಗೆ ಹೇಳುತ್ತಿದ್ದ. ಮೂರು ಮೊಳ ದೂರದಲ್ಲಿದ್ದವಳಿಗೆ ನಾನು ಮತ್ತೆ ಹೇಳಬೇಕು, “ವೈನೀ, ವಜೀರ ಸಂಭಾಳಿಸಿಕೋರಿ.” ಕೆಲವು ದಿನಗಳಾದ ಮೇಲೆ, ಸೊಸೆಯ ದನಿ ಅಂಗಳದವರೆಗೆ ಕೇಳಿಸುತ್ತದೆ ಎಂದು ಅವ್ವ ಗದರಿದಳು. ಅಂದಿನಿಂದ ವೈನಿ ಬಾಗಿಲ ಸಂದಿಯಲ್ಲಿ ಕೈಸನ್ನೆ ಶುರುಮಾಡಿದಳು. ಕಿವಿ ಹಿಡಿದರೆ ಕುದುರೆ, ಮಣಿಕಟ್ಟು ಬಗ್ಗಿಸಿದರೆ ಒಂಟೆ, ಕಿರುಬೆರಳು ತೋರಿಸಿದರೆ ಪ್ಯಾದೆ. ನಾನು ತಲೆ ಎತ್ತಿ ಬಾಗಿಲ ಕಡೆ ನೋಡಬೇಕು, ತಲೆ ತಗ್ಗಿಸಿ ನಡೆಸಬೇಕು. ಅಪ್ಪ ನನ್ನ ಕಣ್ಣು ಹೋಗಿ ಬರುವುದನ್ನೇ ಕಾಯುತ್ತಿದ್ದ.

ನೀವೇ ಯೋಚಿಸಿ. ಜಾಗ ನನ್ನದು, ಕೈ ನನ್ನದು, ಎದುರಿಗೆ ಅಪ್ಪ. ಆಟ ಮಾತ್ರ ಅವರಿಬ್ಬರದು. ಅಪ್ಪ ಹುಬ್ಬು ಗಂಟು ಹಾಕಿದರೆ ಅದು ಅವಳಿಗೆ, ಸೋಲುವ ಹಂತಕ್ಕೆ ಬಂದು ಮೀಸೆಯಲ್ಲಿ ನಕ್ಕರೆ ಅದೂ ಅವಳಿಗೆ. ಅದೆಲ್ಲ ನನ್ನ ಮುಖದ ಮುಂದೆಯೇ ನಡೆಯುತ್ತಿತ್ತು. ನನಗೆ ಎಷ್ಟು ಉರಿಯುತ್ತಿತ್ತೆಂದರೆ, ಅಪ್ಪನ ಊಟದ ಹೊತ್ತಿಗೆ ವೈನಿ ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಉಪ್ಪಿದ್ದ ದಿನವೂ ಹೇಳುತ್ತಿದ್ದೆ. ಅಪ್ಪ ಇನ್ನೊಂದಿಷ್ಟು ಹಾಕಿಸಿಕೊಂಡು ಉಣ್ಣುತ್ತಿದ್ದ.

ಒಂದು ದಿನ ತಡೆಯಲಾರದೆ ಹಿತ್ತಲಲ್ಲಿ ಅವಳನ್ನೇ ಕೇಳಿದೆ, “ನಿಮಗ ಹ್ಯಾಂಗ ತಿಳೀತದ್ರಿ, ಯಾವ ಕಾಯಿ ನಡಸಬೇಕಂತ?”

ಅವಳು ಬಟ್ಟೆ ಹಿಂಡುತ್ತ ಹೇಳಿದಳು, “ತಿಳಿಯೋದೇನದ. ಯಾವುದಕ್ಕ ಉಸಿರು ಕಟ್ಟೇದ ನೋಡ್ತೀನಿ. ಯಾವುದು ಯಾರನ್ನ ಕಾಯ್ಲಾಕ ನಿಂತದ, ಅದು ಅಲ್ಲಿಂದ ಸರದ್ರ ಯಾರು ಬಯಲಿಗಿ ಬೀಳ್ತಾರ, ಇಷ್ಟೇ. ಅಡಗಿಮನ್ಯಾಗ ನಾಕ ಮಂದಿ ಇದ್ರ ನೀ ನೋಡಂಗಿಲ್ಲೇನು, ಯಾರಿಗಿ ಯಾರು ಅಡ್ಡ ನಿಂತಾರಂತ?”

ನಾನು ಏನು ಮಾಡಿದೆ ಗೊತ್ತೇ? ಅದನ್ನೂ ಬಾಯಿಪಾಠ ಮಾಡಿದೆ. ಯಾವುದಕ್ಕ ಉಸಿರು ಕಟ್ಟೇದ, ಯಾವುದು ಯಾರನ್ನ ಕಾಯ್ಲಾಕ ನಿಂತದ, ಯಾರು ಬಯಲಿಗಿ ಬೀಳ್ತಾರ. ಬೀಸುವ ಕಲ್ಲಿನ ಮುಂದೆ ಇದನ್ನೇ ಹೇಳಿಕೊಂಡೆ. ಹಾಸಿನ ಮುಂದೆ ಕೂತಾಗ ಮಾತು ನೆನಪಾಗುತ್ತಿತ್ತು, ಹಾಸು ಕಾಣುತ್ತಿರಲಿಲ್ಲ.

ವೈನಿ ತವರಿಗೆ ಹೋದಾಗ ನನಗೆ ಹಬ್ಬ. ಆ ದಿನಗಳಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಂಥದೊಂದು ಸಂಜೆ ಹೊಸ ಕೋಟೆಯೊಂದನ್ನು ತಪ್ಪಿಲ್ಲದೆ ಕಟ್ಟಿ, ಹೇಳಿಕೊಟ್ಟ ನಡೆಗಳನ್ನೆಲ್ಲ ನಡೆಸಿ, ಅಪ್ಪನ ಮುಖ ನೋಡಿದೆ. ಅಪ್ಪನಿಗೆ ಆಕಳಿಕೆ ಬಂದಿತ್ತು. ಅದನ್ನು ಮುಚ್ಚಿಕೊಂಡು, ಬೈಗುಳವಲ್ಲ ನೋಡಿ, ಬಹಳ ಅಂತಃಕರಣದಿಂದಲೇ ಹೇಳಿದ:

“ನಿನ್ನ ಕೂಡ ಆಡಿದ್ರ ನಾ ನನ್ನ ಕೂಡೇ ಆಡಿದಂಗ ಆಗ್ತದವ್ವ. ಎಲ್ಲಾ ನಂದೇ ನಡಿ.”

ಆಮೇಲೆ, ನೀಲಮ್ಮ ಎಂದು ಬರುತ್ತಾಳೆ ಎಂದು ಅವ್ವನನ್ನು ಕೇಳಿದ. ನಾನು ಅಂದು ಉಣ್ಣಲಿಲ್ಲ. ಹೊಟ್ಟೆ ನೋವು ಎಂದೆ, ಅದು ಸುಳ್ಳೂ ಆಗಿರಲಿಲ್ಲ.

ಮರುವರ್ಷ ಕಲಬುರ್ಗಿಯ ಗಂಡು ಗೊತ್ತಾಯಿತು. ನನಗಿದ್ದ ಚಿಂತೆ ಗಂಡನದಲ್ಲ. ನಾನು ಹೋದ ಮೇಲೆ ನನ್ನ ಜಾಗದಲ್ಲಿ ಯಾರಾದರೂ ಒಬ್ಬರನ್ನು ಕೂಡಿಸಿಕೊಂಡು ಇವರಿಬ್ಬರೂ ದಿನಾ ಆಡುತ್ತಾರಲ್ಲ, ಅದು. ಮದುವೆಗೆ ಕೆಲವೇ ದಿನ ಉಳಿದಿದ್ದವು. ಮನೆ ತುಂಬ ಹಪ್ಪಳ, ಶಾವಿಗೆ, ನೆಂಟರು. ಅಂಥದರಲ್ಲೂ ಅಪ್ಪ ಒಂದು ಸಂಜೆ ಹಾಸು ಬಿಚ್ಚಿ “ಬಾರವ್ವ” ಎಂದು ಕರೆದ. ಕೂತೆ. ಬಾಗಿಲ ಸಂದಿಯಲ್ಲಿ ವೈನಿಯ ಬಳೆ ಸದ್ದಾಯಿತು. ಅಪ್ಪ ತನ್ನ ಹಳೆಯ ಕೋಟೆಯನ್ನೇ ಕಟ್ಟಿದ, ಬಾದಶಾ ಜಿಗಿದು ಒಳಗೆ ಕೂತ. ನಾನೂ ನನ್ನ ಕೋಟೆ ಕಟ್ಟಿದೆ. ಅಂದರೆ ಅದೂ ಅಪ್ಪನದೇ.

ಆಟ ನಡೆಯಿತು. ವೈನಿ ಸನ್ನೆ ಮಾಡಿದ ಹಾಗೆ ನಡೆಸುತ್ತ ಹೋದೆ. ಒಂದು ಹಂತದಲ್ಲಿ ಅಪ್ಪ ತನ್ನ ಕುದುರೆಯನ್ನು ಎತ್ತಿ ನನ್ನ ಒಂಟೆಯ ಮೇಲೆ ಬಿಟ್ಟ. ಕುದುರೆ ಒಂಟೆಯ ಮೇಲೆ ಬಂದರೆ ಒಂಟೆಯನ್ನು ಹಿಂದೆ ತೆಗೆ, ಇದು ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು. ಆದರೂ ರೂಢಿಯಂತೆ ತಲೆ ಎತ್ತಿ ಬಾಗಿಲ ಕಡೆ ನೋಡಿದೆ. ಸಂದಿಯಲ್ಲಿ ಯಾರೂ ಇರಲಿಲ್ಲ. ಬರೀ ಕತ್ತಲೆ, ಹಣ್ಣಿನ ವಾಸನೆ. ಅವ್ವ ಯಾವುದೋ ಕೆಲಸಕ್ಕೆ ಅವಳನ್ನು ಹಿತ್ತಲಿಗೆ ಕರೆದಿರಬೇಕು. ತಲೆ ತಗ್ಗಿಸಿದೆ. ಒಂಟೆಯನ್ನು ಹಿಂದೆ ತೆಗೆಯಲು ಕೈ ಚಾಚಿದವಳು ಅಲ್ಲೇ ತಡೆದೆ. ಅಪ್ಪನ ಕೋಟೆ ನನ್ನ ಕಣ್ಣಿಗೆ ಬಿತ್ತು. ಅಷ್ಟು ವರ್ಷ ನಾನೇ ಕಟ್ಟಿದ, ಬಾಯಿಪಾಠವಾಗಿದ್ದ ಕೋಟೆ. ಅದರೊಳಗೆ ಬಾದಶಾನಿಗೆ ಉಸಿರು ಕಟ್ಟಿತ್ತು. ಸುತ್ತ ತನ್ನವರೇ ಕಿಕ್ಕಿರಿದು ನಿಂತಿದ್ದರು, ಅಲುಗಲು ಜಾಗವಿರಲಿಲ್ಲ. ಅವನ ಮಗ್ಗುಲಿಗೆ ಬರುವ ಒಂದು ಮನೆಯನ್ನು ಕಾಯುತ್ತಿದ್ದುದು ಆ ಕುದುರೆ. ಅದು ನನ್ನ ಒಂಟೆಯ ಆಸೆಗೆ ಎದ್ದು ಬಂದಿತ್ತು. ಆ ಒಂದು ಮನೆ ಬಯಲಾಗಿತ್ತು.

ಆ ಹೊತ್ತಿನಲ್ಲಿ ನನಗೆ ಯಾವ ಪಾಠವೂ ನೆನಪಾಗಲಿಲ್ಲ. ಒಂಟೆ ಅಲ್ಲೇ ಇರಲಿ, ಅದೇ ಕಾಯುತ್ತದೆ ಎಂದು ಮುಂದಿದ್ದ ಪ್ಯಾದೆಯನ್ನು ಒಂದು ಮನೆ ತಳ್ಳಿ ಬಾದಶಾನಿಗೆ ಶಹ ಕೊಟ್ಟೆ. ತಲೆಯ ಮೇಲಿನ ಬಣ್ಣ ಹಾರಿದ ಒಂದು ಹಸಿರು ಪ್ಯಾದೆ. ಅಪ್ಪ ಪ್ಯಾದೆಯನ್ನು ಹೊಡೆಯಲು ನೋಡಿದ, ಒಂಟೆ ಕಾಯುತ್ತಿತ್ತು. ಸರಿಯಲು ನೋಡಿದ, ಜಾಗವಿರಲಿಲ್ಲ. ಜಿಗಿತ ಮೊದಲೇ ಮುಗಿದಿತ್ತು. ಪ್ಯಾದೆಯಿಂದ ಮಾತ್ ಆಗುವುದೆಂದರೆ ನಮ್ಮ ಆಟದಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ. ಅಪ್ಪ ಎಷ್ಟೋ ಹೊತ್ತು ಹಾಸು ನೋಡಿದ. ನಾನು ಅಪ್ಪನನ್ನು ನೋಡಿದೆ. ಈಗ ತಲೆ ಎತ್ತುತ್ತಾನೆ, ಈಗ ನನ್ನನ್ನು ನೋಡುತ್ತಾನೆ ಎಂದು ಕಾಯುತ್ತಿದ್ದೆ. ಅಪ್ಪ ಎರಡೂ ಕೈ ಮೊಣಕಾಲ ಮೇಲೆ ಊರಿ, ಬೆನ್ನ ಹಿಂದಿನ ಬಾಗಿಲಿಗೆ ಪೂರ್ತಿ ತಿರುಗಿ ಹೇಳಿದ:

“ಶಾಬಾಸ್, ನೀಲಮ್ಮ.”

ಮಾವ ಸೊಸೆಯೊಂದಿಗೆ ನೇರವಾಗಿ ಮಾತಾಡಿದ್ದೂ ಅದೇ ಮೊದಲು. ನನ್ನ ಕಣ್ಣು ಬಾಗಿಲಿಗೆ ಹೋಗಿ ಬಂದದ್ದನ್ನು ಅಪ್ಪ ನೋಡಿದ್ದ, ಅವನಿಗೆ ಅಷ್ಟು ಸಾಕಾಗಿತ್ತು. ನಾನು ಬಾಯಿ ತೆರೆದೆ. ಆ ನಡೆ ನಂದು ಅಂದರೆ ಅಪ್ಪ ನಂಬುತ್ತಾನೆಯೇ? ನಂಬಿದರೂ, ಕೇಳಿ ಪಡೆದ ಶಾಬಾಸ್ ಯಾರಿಗೆ ಬೇಕು? ಅಷ್ಟರಲ್ಲಿ ಬಳೆಗಾರ ಬಂದನೆಂದು ಯಾರೋ ನನ್ನನ್ನು ಎಬ್ಬಿಸಿಕೊಂಡು ಹೋದರು. ಕೈತುಂಬ ಹಸಿರು ಬಳೆ ಇಡಿಸಿಕೊಳ್ಳುತ್ತ ಅತ್ತುಬಿಟ್ಟೆ. ಹುಡುಗಿಗೆ ತವರು ಬಿಡುವ ಸಂಕಟ ಎಂದು ನೆಂಟರೂ ಅತ್ತರು.

ಕಲಬುರ್ಗಿಯಲ್ಲಿ ಗಂಡನ ಮನೆ ಚೆನ್ನಾಗಿತ್ತು. ಸಂಜೆಯಾದರೆ ಮಾತ್ರ ಮನಸ್ಸು ಕಮಲಾಪುರದ ಪಡಸಾಲೆಗೆ ಓಡುತ್ತಿತ್ತು. ಈಗ ಹಾಸು ಬಿಚ್ಚಿರುತ್ತಾರೆ, ಈಗ ಅಪ್ಪ ಗಲ್ಲಕ್ಕೆ ಕೈ ಹಚ್ಚಿರುತ್ತಾನೆ. ಪಂಚಮಿಗೆ ತವರಿಗೆ ಹೋದಾಗ ನಾನು ಮೊದಲು ನೋಡಿದ್ದು ಗೂಡಿನಲ್ಲಿಟ್ಟ ಕಾಯಿಗಳ ಚೀಲವನ್ನು. ಅದರ ಮೇಲೆ ಧೂಳು ಕೂತಿತ್ತು. ನಾನು ಹೋದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ನಡುವೆ ಕೂರುವ ಮಗಳಿಲ್ಲದೆ ಮಾವ ಸೊಸೆ ಆಡುವುದು ಹೇಗೆ? ನನಗೆ ಬಹಳ ಸಂತೋಷವಾಯಿತು. ಆ ಪಂಚಮಿಯಲ್ಲಿ ನಾನು ಆಡಿದಷ್ಟು ಜೋಕಾಲಿ ಮತ್ತೆಂದೂ ಆಡಲಿಲ್ಲ. ಮುಂದಿನ ಪಂಚಮಿ ಬರುವುದರೊಳಗೆ ಅಪ್ಪ ತೀರಿಕೊಂಡ. ಚೀಲ ಗೂಡಿನಲ್ಲೇ ಉಳಿಯಿತು.

ಇದೆಲ್ಲ ಆಗಿ ಎಷ್ಟು ಕಾಲವಾಯಿತು. ನಿಜಾಮರು ಹೋದರು, ಅಣ್ಣ ಹೋದ, ನನ್ನ ಯಜಮಾನರು ಹೋದರು. ಮೊನ್ನೆ ಚಹಾ ಕುಡಿದಾದ ಮೇಲೆ ವೈನಿ ಕಪಾಟಿನ ಮೇಲಿದ್ದ ಮೊಮ್ಮಗಳ ಪ್ಲಾಸ್ಟಿಕ್ ಚೆಸ್ ಡಬ್ಬಿಯನ್ನು ನೋಡಿದಳು. ಮೊಮ್ಮಗಳು ಪುಸ್ತಕ ಹಿಡಿದು ಮೊದಲ ನಡೆಗಳನ್ನು ಬಾಯಿಪಾಠ ಮಾಡುತ್ತಾಳೆ, ನನ್ನ ರಕ್ತ.

“ಒಂದ್ ಆಟ ಆಡಮೇನು?” ಎಂದಳು ವೈನಿ.

ಎದುರುಬದುರು ಕುಳಿತು ನಾವಿಬ್ಬರೂ ಎಂದೂ ಆಡಿರಲಿಲ್ಲ. ಅವಳು ಕೇಳಿರಲಿಲ್ಲ, ನಾನು ಕರೆದಿರಲಿಲ್ಲ. ಡಬ್ಬಿ ಅವಳ ಮುಂದೆ ಇಟ್ಟೆ.

“ನೀನೇ ಹೊಂದಸು. ನನಗ ಇನ್ನಾ ಬರಂಗಿಲ್ಲ” ಎಂದು ನಕ್ಕಳು.

ನಾನು ಎರಡೂ ಕಡೆಯ ಕಾಯಿ ಹೊಂದಿಸುತ್ತಿದ್ದೆ. ವೈನಿ ಬಾಳೆಹಣ್ಣು ಸುಲಿಯುತ್ತ, ನನ್ನ ಕೈಯನ್ನೇ ನೋಡುತ್ತ, ಏನೂ ಪೀಠಿಕೆಯಿಲ್ಲದೆ ಕೇಳಿದಳು:

“ಅವತ್ತು ಶಾಬಾಸ್ ಅಂದ್ರಲ್ಲ, ಆವಾಗ ಮಾವಾರ ಮಾರಿ ಹ್ಯಾಂಗಿತ್ತು?”

ನನ್ನ ಕೈಯಲ್ಲಿದ್ದ ಒಂಟೆ ಅಲ್ಲೇ ನಿಂತಿತು. “ಅವತ್ತು ನೀವು ಬಾಗಲದಾಗ ಇರಲಿಲ್ರಿ” ಎಂದೆ.

“ಇರಲಿಲ್ಲ. ಅತ್ತಿ ಕರದ್ರಂತ ಹೋಗಿದ್ದೆ. ಹಿತ್ತಲದಿಂದ ಒಳಗ ಕಾಲಿಟ್ಟೆ, ಕಿವಿಗಿ ಬಿತ್ತು.”

“ಮತ್ತ ಆ ನಡಿ ನಂದಲ್ಲ ಅಂತ ಯಾಕ ಹೇಳಲಿಲ್ರಿ, ಇಷ್ಟ ವರ್ಷ?”

ವೈನಿ ಹಣ್ಣನ್ನು ತಟ್ಟೆಯಲ್ಲಿಟ್ಟಳು. “ಜನ್ಮದಾಗ ಒಮ್ಮೆ ಅಂದ್ರು. ಅದೂ ನನ್ನ ಹೆಸರು ಹಿಡದು. ನಿನಗ ಕೊಡ್ಲಾಕ ಮನಸ್ಸಾಗಲಿಲ್ಲ ತಂಗಿ” ಎಂದಳು. ಸಿಪ್ಪೆಯನ್ನು ಬದಿಗೆ ಸರಿಸಿ ಹೇಳಿದಳು, “ನೀ ಎದುರ ಕುಂಡರತಿದ್ದಿ. ನಾ ಅವರ ಬೆನ್ನು ನೋಡಿದೆ, ರುಮಾಲ ನೋಡಿದೆ. ನನ್ನ ನಡಿಗಿ ಅವರ ಮಾರಿ ಹ್ಯಾಂಗ ಆಗ್ತಿತ್ತು ಅನ್ನೋದು ಒಂದು ದಿನ ನನಗ ಕಾಣಲಿಲ್ಲ. ನಿನ್ನ ಮ್ಯಾಲ ನನಗೆಷ್ಟು ಹೊಟ್ಟಿಕಿಚ್ಚಿತ್ತು ಅಂತಿ. ಪಲ್ಯಾಕ ಖರೇನೇ ಉಪ್ಪು ಕಡಿಮಿ ಹಾಕ್ತಿದ್ದೆ ಒಂದೊಂದ ದಿನ, ನಿನ್ನ ಮಾತು ಖರೆ ಆಗ್ಲಿ, ಸುಮ್ನಾದ್ರೂ ಆಗ್ತಿ ಅಂತ.”

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟವಳ ಹತ್ತಿರ ಇದ್ದದ್ದು ಒಂದೇ ಒಂದು ಶಬ್ದ, ಅದೂ ನನ್ನದು. ನನ್ನ ಹತ್ತಿರ ಇತ್ತೆಂದು ಅವಳು ಹೊಟ್ಟೆಕಿಚ್ಚು ಪಟ್ಟದ್ದು ಅಪ್ಪನ ಮುಖಕ್ಕೆ.

“ಹೇಳು, ಹ್ಯಾಂಗಿತ್ತು? ನಿನಗ ಎಲ್ಲಾ ನೆನಪಿರ್ತದಲ್ಲ” ಎಂದಳು.

ನೆನಪಿದೆ. ಬಣ್ಣ ಹಾರಿದ ಪ್ಯಾದೆ ನೆನಪಿದೆ, ಅದು ನಿಂತ ಮನೆ ನೆನಪಿದೆ, ಮೊಣಕಾಲ ಮೇಲೆ ಊರಿದ ಕೈ ನೆನಪಿದೆ. ಗಲ್ಲಕ್ಕೆ ಕೈ ಹಚ್ಚಿದ್ದು, ಮೀಸೆಯಲ್ಲಿ ನಕ್ಕದ್ದು ಎಲ್ಲವನ್ನೂ ಅವಳಿಗೆ ಹೇಳಿದೆ, ಒಂದೊಂದು ಆಟದ್ದೂ ಹೇಳಿದೆ. ವೈನಿ ಕಣ್ಣು ಮುಚ್ಚಿ ಕೇಳಿದಳು. ಕೊನೆಗೆ ಆ ದಿನಕ್ಕೆ ಬಂದೆ. ಹುಡುಕಿದೆ. ನನಗೆ ಸಿಕ್ಕದ್ದು ಒಂದು ಕಿವಿ, ಹಣೆಯಿಂದ ಕಿವಿಯವರೆಗೆ ಬಂದ ವಿಭೂತಿಯ ತುದಿ, ರುಮಾಲಿನ ಗಂಟು.

“ಆ ಮಾರಿ ನನಗ ಕಾಣಲಿಲ್ಲ ವೈನಿ. ಬಾಗಲ ಕಡಿ ತಿರಗಿದ್ರು.”

“ಬಾಗಲದಾಗ ನಾನೂ ಇರಲಿಲ್ಲ” ಎಂದಳು ವೈನಿ.

ಕೋಣೆ ತುಂಬ ಆ ಹಣ್ಣಿನ ವಾಸನೆ ಇತ್ತು. ಅವಳು ಸುಲಿದ ಹಣ್ಣನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟಳು, ಹಲ್ಲು ಉದುರಿದ ಬಾಯಿಗೆ ಒಳ್ಳೆಯದೇ ಆಯಿತು. “ನಡಸು, ನಿಂದೇ ಮೊದಲು” ಎಂದಳು. ನನ್ನ ಕೈ ತಾನಾಗಿ ಅಪ್ಪನ ಕೋಟೆಯ ಮೊದಲ ಪ್ಯಾದೆಯ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ತಲೆ ಎತ್ತಿ ನೋಡಿದೆ. ಎದುರಿಗೆ, ಬಾಗಿಲಿಗೆ ಬೆನ್ನು ಮಾಡಿ ಅಪ್ಪ ಕೂರುತ್ತಿದ್ದ ಹಾಗೆಯೇ, ವೈನಿ ಗಲ್ಲಕ್ಕೆ ಕೈ ಹಚ್ಚಿ ನನ್ನ ನಡೆಗಾಗಿ ಕಾಯುತ್ತಿದ್ದಳು. ಅವಳ ಮುಖ ನನಗೆ ಪೂರ್ತಿ ಕಾಣುತ್ತಿತ್ತು. ನಡೆಸಲು ನನಗೇನೂ ಅವಸರವಿರಲಿಲ್ಲ, ನೋಡುತ್ತ ಕೂತೆ.